ಅವಧೂತರಾಯರ ತಲೆಯೂ ಬಾದಾಮಿ ಮರದ ಕಾಗೆಯೂ

ಪುಣೆಯ ಕೊಂಢವಾ ಬಡಾವಣೆಯ ಆ ನಾಲ್ಕು ಮಹಡಿಯ ಕಟ್ಟಡದಿಂದ ಬೆಳಗಾದರೆ ಎಷ್ಟೋ ಜನ ಹಾಲಿಗೆ ಹೋಗುತ್ತಾರೆ. ಕಾಗೆ ಕುಕ್ಕಿದ್ದು ಮಾತ್ರ ಅವಧೂತರಾಯರ ತಲೆಗೇ! ಅದೂ ಸತತ ಮೂರು ದಿನ. ಗೇಟಿನ ಬಳಿಯ ಬಾದಾಮಿ ಮರದ ಕೆಳಗೆ ಬಂದರೆ ಸಾಕು, ಹಿಂದಿನಿಂದ ಟಪ್! ಕೂದಲಾದರೂ ಇದ್ದಿದ್ದರೆ ಪೆಟ್ಟು ತಡೆಯುತ್ತಿತ್ತು. ಪಾಪ, ಅದೂ ಇರಲಿಲ್ಲ.

ಧಾರವಾಡದಿಂದ ಬಂದು ಪುಣೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರರು ಅವರು. ಆದರೂ ಎದೆ ಡವಡವ ಎಂದಿತು. ಕಾಗೆ ತಲೆಗೆ ಬಡಿದರೆ ಸಾವು ಹತ್ತಿರ ಬಂತೆಂದು ಅವರ ಅಜ್ಜಿ ಹೇಳುತ್ತಿದ್ದರು. ಪರಿಹಾರವನ್ನೂ ಅಜ್ಜಿಯೇ ಹೇಳಿದ್ದರು. ತಾನು ಸತ್ತೆನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ಅತ್ತರೆ ದೋಷ ಕಳೆಯಿತು. ಆಗೆಲ್ಲ ಕಾರ್ಡು ಬರೆಯುತ್ತಿದ್ದರು, ಈಗ ವಾಟ್ಸ್ಯಾಪ್ ಇದೆ. ರಾಯರು ಮನೆತನದ ಗುಂಪಿನಲ್ಲಿ "ಅವಧೂತ ಇನ್ನಿಲ್ಲ" ಎಂದು ಹಾಕಿ, ಟವೆಲ್ ಹೆಗಲಿಗೇರಿಸಿ ತಲೆಸ್ನಾನಕ್ಕೆ ಹೋದರು. ಸತ್ತವನು ತನ್ನ ಫೋನಿನಿಂದ ತಾನೇ ಹೇಗೆ ಸುದ್ದಿ ಕಳಿಸುತ್ತಾನೆಂದು ಒಬ್ಬರಿಗೂ ಹೊಳೆಯಲಿಲ್ಲ ನೋಡಿ!

ಒಂದು ತಾಸಿನೊಳಗೆ ಅವರ ತಂಗಿ ಇಂದೂ ಯೆರವಡಾದಿಂದ ರಿಕ್ಷಾ ಹಿಡಿದು ಬಂದಳು. ಕೈಯಲ್ಲಿ ಹಾರ, ಕಣ್ಣಲ್ಲಿ ನೀರು. ನೋಡಿದರೆ ಅಣ್ಣ ಸೋಫಾದ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದಾನೆ.

"ಅತ್ತೀ ಏನ? ಖರೇನೇ ಅತ್ತೀ?" ರಾಯರು ಸಂಭ್ರಮದಿಂದ ಕೇಳಿದರು. "ಮುಗೀತು ಬಿಡು, ದೋಷ ಹೋತು!"

ಇಂದೂ ಹಾರವನ್ನೇ ಬೀಸಿ ಅವರ ಬೆನ್ನಿಗೆ ಬಾರಿಸಿದಳು. "ನಿನ್ನ ದೋಷಕ್ಕಿಷ್ಟು ಬೆಂಕಿ ಹಚ್ಚಾ! ದಾರಿಯೆಲ್ಲಾ ಅತ್ಕೋತ ಬಂದೇನಿ. ನನ್ನ ನೋಡಿ ರಿಕ್ಷಾದಾಂವನೂ ಅತ್ತ!"

"ನನಗೂ ಒಂದ್ ಮಾತು ಹೇಳಿಲ್ಲ ನೋಡವಾ. ನಾ ಒಳಗ ಒಗ್ಗರಣಿ ಹಾಕ್ಲಿಕ್ಕೆ ಹತ್ತಿದ್ದೆ" ಎಂದು ರಾಯರ ಹೆಂಡತಿ ನೀಲಿಮಾ ಹಣೆ ಚಚ್ಚಿಕೊಂಡರು.

ದೋಷ ಹೋದ ಧೈರ್ಯದಲ್ಲಿ ರಾಯರು ತಂಗಿಯನ್ನೂ ಕರೆದುಕೊಂಡು ಎದೆಯುಬ್ಬಿಸಿ ಗೇಟಿಗೆ ನಡೆದರು. ಟಪ್!

ಈಗ ಹೆದರಿಕೆ ಹೋಗಿ ಸಿಟ್ಟು ನೆತ್ತಿಗೇರಿತು. ಪಕ್ಕದ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದವನನ್ನು ಏಣಿ, ಉದ್ದನೆಯ ಕೋಲಿನ ಸಮೇತ ಕರೆತಂದು, ಮರದ ಮೇಲಿನ ಗೂಡು ಕೆಡವಿಬಿಡು ಎಂದರು. ಗಲಾಟೆ ಕೇಳಿ ಎರಡನೇ ಮಹಡಿಯಿಂದ ಇಂಪನಾ ಓಡಿ ಬಂದಳು. ಮೈಸೂರಿನ ಹುಡುಗಿ, ಕಂಪ್ಯೂಟರ್ ಕೆಲಸ. ಭಾನುವಾರವಾದರೆ ದುರ್ಬೀನು ಹಿಡಿದು ಹಕ್ಕಿ ನೋಡಲು ಹೊರಡುವವಳು.

"ಅಂಕಲ್, ಒಂದ್ ನಿಮಿಷ! ಗೂಡಲ್ಲಿ ಮರಿಗಳಿವೆ. ಅದಕ್ಕೇ ಅದು ಕುಕ್ತಿರೋದು."

"ಮರಿ ಇದ್ರ ನನಗ್ಯಾಕ ಬಡೀಬೇಕವಾ? ನಾ ಏನ್ ಅದರಪ್ಪನ ಗಂಟು ತಿಂದೇನಿ?"

"ಹೋದ ವಾರ ನಿಮ್ಮ ಬನಿಯನ್ ಹಾರಿ ಮರಕ್ಕೆ ಸಿಕ್ಕಾಗ ಕೋಲು ತಗೊಂಡು ಕೊಂಬೆ ಅಲ್ಲಾಡಿಸಿದ್ರಲ್ಲ? ತೊಂದ್ರೆ ಕೊಟ್ಟೋರ ಮುಖ ಕಾಗೆ ಮರೆಯಲ್ಲ ಅಂಕಲ್. ಮರಿ ಹಾರೋವರೆಗೂ ಬಿಡಲ್ಲ. ಬೇಕಿದ್ರೆ ಈ ಆಂಟಿ ನಡೆದು ನೋಡ್ಲಿ."

ಬಣ್ಣದವನು ಏಣಿ ಹಿಡಿದು ದೂರ ಸರಿದ. ಇಂದೂ ಮರದ ಕೆಳಗೆ ಎರಡು ಸುತ್ತು ಹಾಕಿದಳು. ಕಾಗೆ ಕೊಂಬೆ ಬಿಟ್ಟು ಕದಲಲಿಲ್ಲ. ರಾಯರಿಗೆ ಭಾರಿ ಅವಮಾನವಾಯಿತು.

ಇಂಪನಾ ಎಲ್ಲರನ್ನೂ ತನ್ನ ಮನೆಯ ಕಿಟಕಿಗೆ ಕರೆದೊಯ್ದು ರಾಯರ ಕೈಗೆ ದುರ್ಬೀನು ಕೊಟ್ಟಳು. ಕಡ್ಡಿ, ತಂತಿ ಹೆಣೆದ ಗೂಡು. ಒಳಗೆ ಮೂರು ಬಾಯಿ, ಮೂರೂ ತೆರೆದೇ ಇದ್ದವು.

"ಅದ್ರಲ್ಲಿ ಒಂದು ಕೋಗಿಲೆ ಮರಿ ಅಂಕಲ್. ಕೋಗಿಲೆ ಗೂಡು ಕಟ್ಟಲ್ಲ. ಗಂಡು ಕೋಗಿಲೆ ಕಾಗೇನ ಕೆಣಕಿ ಆಚೆ ಎಳ್ಕೊಂಡು ಹೋಗುತ್ತೆ, ಅಷ್ಟರಲ್ಲಿ ಹೆಣ್ಣು ಕೋಗಿಲೆ ಬಂದು ಇಲ್ಲಿ ಮೊಟ್ಟೆ ಇಟ್ಟುಬಿಡುತ್ತೆ. ಸಾಕೋದೆಲ್ಲ ಕಾಗೆ."

"ಎಲಾ ಇದರ! ನನ್ನ ಮಾರಿ ಗುರ್ತ ಹಿಡೀತದ, ತನ್ನ ಮನ್ಯಾಗ ಉಣ್ಣಾವರು ಯಾರಂತ ಗೊತ್ತಿಲ್ಲ?" ಎಂದರು ರಾಯರು. ಎಲ್ಲರೂ ನಕ್ಕರು.

ಕೆಳಗಿನಿಂದ ಬಣ್ಣದವನು ಮರಾಠಿಯಲ್ಲಿ ಕೂಗಿದ: "ಕಾಕಾ, ಗೂಡು ತೆಗೀಲೋ ಬೇಡವೋ?"

ರಾಯರು ನೆತ್ತಿ ಸವರಿಕೊಂಡರು. ಇನ್ನೂ ಉರಿಯುತ್ತಿತ್ತು. "ಒಂದ ಗೂಡು ಹೋದ್ರ ಏನಾತು? ಮತ್ತ ಕಟ್ಕೋತಾವ" ಎಂದು ಗೊಣಗಿದರು.

ಆಗ ಇಂದೂ ಮೆಲ್ಲಗೆ ಹೇಳಿದಳು: "ಅಣ್ಣಾ, ಜೀವಾ ಕೈಯಾಗ ಹಿಡ್ಕೊಂಡು ಬಂದೇನಿ ನಾ ಇವತ್ತ. ಬಂದು ನೋಡಿದ್ರ ನೀ ಇದ್ದಿ. ಆ ಕಾಗಿ ಬಾಯಾಗ ತುತ್ತು ಹಿಡ್ಕೊಂಡು ಬಂದು ನೋಡಿದ್ರ ಮರಿ ಇರೂದಿಲ್ಲಲ್ಲೋ."

ರಾಯರಿಗೆ ತಂಗಿಯ ಊದಿಕೊಂಡ ಕಣ್ಣು ನೋಡಿ ನಿಜಕ್ಕೂ ನಾಚಿಕೆಯಾಯಿತು. ಕಿಟಕಿಯಿಂದ ಬಗ್ಗಿ, "ನಕೋ ರೇ ಬಾಬಾ, ರಾಹೂ ದೇ!" ಎಂದು ಕೂಗಿದರು. ಬೇಡ, ಇರಲಿ ಬಿಡು ಎಂದು. ಬಣ್ಣದವನು ಚಹಾ ಕುಡಿದು ಹೋದ. ಗುಂಪಿಗೆ "ಅವಧೂತ ಇದ್ದಾನೆ, ಕ್ಷಮಿಸಿ" ಎಂದು ಕಳಿಸಿದ್ದಕ್ಕೆ ರಾಯರು ಬೈಸಿಕೊಂಡದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮೂರು ವಾರ ಅವರು ಛತ್ರಿ ಹಿಡಿದೇ ಹಾಲು ತಂದರು. ಹಾರಲು ಕಲಿಯುತ್ತಿದ್ದ ಮರಿಯೊಂದು ಕೆಳಗೆ ಬಿದ್ದ ದಿನ, ಮುಟ್ಟಲು ಬಂದವರನ್ನೆಲ್ಲ ತಾವೇ ಗದರಿ ದೂರ ನಿಲ್ಲಿಸಿದರು. ಸಂಜೆಯ ಹೊತ್ತಿಗೆ ಅದು ಹಾರಿ ಕೊಂಬೆ ಸೇರಿತು. ಎಲ್ಲ ಮರಿಗಳೂ ಹಾರಿಹೋದ ಮೇಲೆ ಕಾಗೆ ರಾಯರ ತಂಟೆಗೆ ಬರಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಕಾಕಾ, ಮಾವಶಿ, ನಿಮಗೊಂದು ಮಾತು. ಬೇಸಿಗೆಯಿಂದ ಮಳೆ ಹಿಡಿಯುವವರೆಗೆ ಕಾಗೆ ಸಂಸಾರ ಹೂಡುವ ಕಾಲ. ಕುಕ್ಕಿದರೆ ಅದು ಅಪಶಕುನವಲ್ಲ, ಸುಳ್ಳು ಸುದ್ದಿ ಕಳಿಸಿ ಯಾರನ್ನೂ ಅಳಿಸಬೇಡಿ. ತಲೆಯೆತ್ತಿ ನೋಡಿ. ಮೇಲೆ ಗೂಡಿದ್ದರೆ ಛತ್ರಿ ಹಿಡಿಯಿರಿ, ಇಲ್ಲವೇ ನಾಲ್ಕು ಹೆಜ್ಜೆ ಸುತ್ತಿ ಹೋಗಿ. ಪುಕ್ಕ ಮೂಡಿದ ಮರಿ ಗಾಯವಿಲ್ಲದೆ ನೆಲದಲ್ಲಿ ಕೂತಿದ್ದರೆ ಮನೆಗೆ ಎತ್ತಿಕೊಂಡು ಬರಬೇಡಿ, ನಾಯಿ ಬೆಕ್ಕು ಹತ್ತಿರ ಬಾರದಂತೆ ನೋಡಿಕೊಳ್ಳಿ. ಅದರ ತಾಯಿ ಅಲ್ಲೇ ಎಲ್ಲೋ ತುತ್ತು ಹಿಡಿದು ಕಾಯುತ್ತಿದೆ. ನೀವು ದೂರ ಸರಿದರೆ ಸಾಕು, ಅದು ಬರುತ್ತದೆ.