ಮೇಸ್ತ್ರಿಯ ಕಾಲಿನ ಕಲೆ

ನೂಲಿಗೆ ಬಣ್ಣ ಹಾಕುವ ಆ ಶೆಡ್ಡಿನಲ್ಲಿ ಮೇಸ್ತ್ರಿಯ ಮಾತೇ ಮಾತು. ತೊಟ್ಟಿಯ ಮೇಲಿನ ಆವಿ ನೋಡಿಯೇ ನೀರು ಎಷ್ಟು ಕಾದಿದೆ ಎಂದು ಹೇಳುವ ಮನುಷ್ಯ. ಅಂಥವನ ಮೊಣಕಾಲ ಕೆಳಗೆ ಕೆಂಪು ಚುಕ್ಕೆಗಳು ಎದ್ದಾಗ ಅವನಿಗೆ ಹೊಳೆದದ್ದು ಒಂದೇ: ತೊಟ್ಟಿಯಿಂದ ಸಿಡಿದ ಬಣ್ಣ. ಕಲೆ ತೆಗೆಯುವ ಪುಡಿ ಹಚ್ಚಿ ಎಂಟು ದಿನ ಉಜ್ಜಿದ. ಚರ್ಮ ಸುಲಿಯಿತು, ಚುಕ್ಕೆ ಹೋಗಲಿಲ್ಲ. ಆಗಲೂ ಅವನು ಬೈದದ್ದು ಪುಡಿ ಮಾರಿದವನನ್ನೇ.

"ರೀ, ಈ ವಾರವೆಲ್ಲ ನೀವು ಹಾಕಿದ್ದು ಹಸಿರು ಅಲ್ವಾ? ಕಾಲಿಗೆ ಕೆಂಪು ಎಲ್ಲಿಂದ ಬಂತು?" ಎಂದು ಹೆಂಡತಿ ಕೇಳಿದ ಮೇಲೆಯೇ ಅವನು ಬಾಯಿ ಮುಚ್ಚಿಕೊಂಡು ಆಸ್ಪತ್ರೆಗೆ ಹೊರಟದ್ದು.

ಚರ್ಮದ ಚೂರು ಪರೀಕ್ಷೆಗೆ ಹೋಯಿತು. ಸಣ್ಣ ರಕ್ತನಾಳಗಳು ಊದಿಕೊಂಡಿವೆ, ಮೈಯನ್ನು ಕಾಯಬೇಕಾದ ಶಕ್ತಿಯೇ ಅವುಗಳ ಮೇಲೆ ತಿರುಗಿಬಿದ್ದಿದೆ ಎಂದರು ಡಾಕ್ಟರಮ್ಮ.

"ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು," ಎಂದಳು ಹೆಂಡತಿ.

ಮಾತ್ರೆ ನುಂಗಿದರೆ ಚುಕ್ಕೆ ಮಾಯುತ್ತಿದ್ದವು, ಕಡಿಮೆ ಮಾಡಿದರೆ ಮತ್ತೆ ಏಳುತ್ತಿದ್ದವು. ಮೂರನೇ ಸಲ ಎದ್ದಾಗ ಡಾಕ್ಟರಮ್ಮ ಎದೆಯ ಸ್ಕ್ಯಾನ್ ಬರೆದುಕೊಟ್ಟರು. ಮೇಸ್ತ್ರಿ ರೇಗಿದ. "ರೋಗ ಕಾಲಲ್ಲಿ, ಫೋಟೋ ಎದೆದಾ?"

"ಹುತ್ತ ಬಡಿದ್ರೆ ಹಾವು ಸಾಯಲ್ಲ ಯಜಮಾನ್ರೇ. ಅಪರೂಪಕ್ಕೆ ಒಳಗೆಲ್ಲೋ ಗಡ್ಡೆ ಇದ್ರೆ, ಅದರ ಜೊತೆ ಮೈ ಆಡೋ ಜಗಳ ರಕ್ತನಾಳಕ್ಕೂ ತಗಲುತ್ತೆ. ಇಲ್ದೇನೂ ಇರಬಹುದು. ನೋಡಿಬಿಡೋಣ."

ಇತ್ತು. ಬಲ ಶ್ವಾಸಕೋಶದಲ್ಲಿ ಚಿಕ್ಕದೊಂದು ಗಡ್ಡೆ. ಸೂಜಿ ಹಾಕಿ ನೋಡಿದರು: ಕ್ಯಾನ್ಸರ್. ಕೆಮ್ಮಿಲ್ಲ, ದಮ್ಮಿಲ್ಲ, ಕಾಲು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಪರೇಷನ್ ಮಾಡಿ ಗಡ್ಡೆಯನ್ನೂ ಸುತ್ತಲಿನ ದುಗ್ಧಗ್ರಂಥಿಯ ಗಂಟುಗಳನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ಗಂಟುಗಳಿಗೆ ಹರಡಿದ್ದರೆ ಮುಂದಿನ ದಾರಿ ಬಹಳ ಕಷ್ಟದ್ದು.

ಹತ್ತು ದಿನ ಕಾಯಬೇಕಿತ್ತು. ಶೆಡ್ಡನ್ನೇ ನಡುಗಿಸುತ್ತಿದ್ದ ಮನುಷ್ಯ ಹೆದರಿ ಹಿಡಿಯಾದ. "ನಂಗೇನಾದ್ರೂ ಆದ್ರೆ..." ಎಂದು ಅವನು ಶುರುಮಾಡಿದಾಗಲೆಲ್ಲ ಹೆಂಡತಿ "ಊಟ ಆರುತ್ತೆ" ಎಂದು ಮಾತು ತುಂಡರಿಸುತ್ತಿದ್ದಳು. ಅವಳೂ ಸರಿಯಾಗಿ ಉಣ್ಣುತ್ತಿರಲಿಲ್ಲ.

ಹನ್ನೊಂದನೇ ದಿನ ಡಾಕ್ಟರಮ್ಮ ಕಾಗದ ಓದಿ ಕನ್ನಡಕ ತೆಗೆದರು.

"ಗಡ್ಡೆ ಪೂರ್ತಿ ಹೊರಗೆ ಬಂದಿದೆ. ಗಂಟುಗಳಲ್ಲಿ ಏನೂ ಇಲ್ಲ. ಎಲ್ಲೂ ಹರಡಿಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ಕೊಂಡು ಹೋಗಿ, ಅಷ್ಟೇ."

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಮೇಸ್ತ್ರಿಗೆ ಎದ್ದು ಕುಣಿಯಬೇಕೆನ್ನಿಸಿತು, ಎದೆಯ ಹೊಲಿಗೆ ಬಿಡಲಿಲ್ಲ.

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ. ಇವಳಿಗೆ ಕೇಳಿಸ್ಲಿಲ್ಲ."

ಹೆಂಡತಿ ಪಕ್ಕದಲ್ಲೇ ಕೂತು ಒಂದಕ್ಷರವೂ ಬಿಡದೆ ಕೇಳಿಸಿಕೊಂಡಿದ್ದಳು. ಬೇರೆ ದಿನವಾಗಿದ್ದರೆ "ನಾನೇನು ಕಿವುಡಿಯಾ?" ಎಂದು ಮೇಲೆ ಬೀಳುತ್ತಿದ್ದಳು. ಇವತ್ತು ಮುಂಗೈಯಲ್ಲಿ ಕಣ್ಣೊರೆಸಿಕೊಂಡಳು.

"ಹೌದು ಡಾಕ್ಟ್ರೇ. ಕೇಳಿಸ್ಲಿಲ್ಲ."

ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲಿನಿಂದ ಓದಿದರು.