ಮೂರು ಗಂಟೆಯ ಮೇಲಿನ ಹೊಗೆ

ದೂಳೇ ಇರಬೇಕೆಂದು ದುಪಟ್ಟಾದ ತುದಿಯಿಂದ ಪರದೆ ಒರೆಸಿದೆ, ಹೋಗಲಿಲ್ಲ, ಇನ್ನೊಮ್ಮೆ ಒರೆಸಿದೆ, ಬೂದು ಗೀರು ಅಲ್ಲೇ ಇದೆ, ನಮ್ಮೂರು ಕೊಂಕಲ್ ಪಕ್ಕದ ಗುಡ್ಡದಿಂದ ಹೊರಟು ಊರಿನ ಮೇಲೆ ಹಾದು — ದೂಳಲ್ಲ, ಹೊಗೆ, ನಾಲ್ಕೂವರೆಯ ಚಿತ್ರ, ನಾಲ್ಕರದರಲ್ಲಿ ಉಗುರಿನಷ್ಟಿತ್ತು, ಈಗ ಬೆರಳಿನಷ್ಟಾಗಿದೆ, ಭೀಮರಾಯನಗುಡಿಯ ಈ ಕಚೇರಿಯಲ್ಲಿ ಕೂತು ಉಪಗ್ರಹದ ಚಿತ್ರದಲ್ಲಿ ಜಿಲ್ಲೆಯ ಹೊಗೆ ಹುಡುಕುವುದೇ ಮೂರು ವರ್ಷದಿಂದ ನನ್ನ ನೌಕರಿ, ಯಾರದೋ ಹೊಲ, ಯಾರದೋ ಗುಡ್ಡ ಎಂದು ಗುರುತು ಹಾಕಿ ಚಹಾ ಕುಡಿದಿದ್ದೇನೆ, ಇವತ್ತು ಗೀರಿನ ಬುಡದಲ್ಲಿ ನಮ್ಮ ಹೊಲ, ನಮ್ಮವ್ವ ಮರಿಲಿಂಗಮ್ಮ, ಹತ್ತಿ ಕಟ್ಟಿಗೆ ಸುಡಲು ಹೋದವಳು, ನಾನು ಹೇಳಿದ ಹೊತ್ತಿಗೆ ಸರಿಯಾಗಿ. ಅವ್ವನ ಫೋನು ಬಡಿದುಕೊಳ್ಳುತ್ತಿದೆ, ಎತ್ತುವುದಿಲ್ಲ, ಎತ್ತುವುದಾದರೂ ಹೇಗೆ, ಹೊಲಕ್ಕೆ ಹೋಗುವಾಗ ಅದನ್ನು ಗೋಡೆಯ ಗೂಡಿನಲ್ಲಿಟ್ಟೇ ಹೋಗುತ್ತಾಳೆ, ಕೈಯಲ್ಲಿ ಕೊಡ ಇದ್ದರೆ ಸಾಕು ಅವಳಿಗೆ, ಮೊದಲು ಬದುವಿನ ಸುತ್ತ ನೀರು ಚಿಮುಕಿಸಿ ಗೆರೆ ಎಳೆಯುತ್ತಾಳೆ, ಮತ್ತೆ ಕೊಡ ತುಂಬಿಕೊಂಡು ಬಂದು ಕಡ್ಡಿ ಗೀರುತ್ತಾಳೆ, ಬೆಂಕಿ ತಣಿಯುವ ತನಕ ಕೊಡ ಸೊಂಟದ ಮೇಲಿಟ್ಟುಕೊಂಡು ನಿಲ್ಲುತ್ತಾಳೆ, ನಾನು ಹುಟ್ಟುವ ಮೊದಲಿಂದಲೂ ಹೀಗೇ, ಆದರೆ ಇಬ್ಬನಿ ಇರುವಾಗ, ಗಾಳಿ ಏಳುವ ಮೊದಲು. ನಸುಕಿನ್ಯಾಗ ಬೆಂಕಿ ಹೇಳಿದ ಮಾತು ಕೇಳ್ತದ, ಹೊತ್ತೇರಿದ್ರ ಯಾರ ಮಾತೂ ಕೇಳಂಗಿಲ್ಲ ನೋಡು, ಅನ್ನುತ್ತಾಳೆ.

ಗೊತ್ತಿತ್ತು, ಗೊತ್ತಿದ್ದೂ — ಹೋದ ವರ್ಷ ನಸುಕಿನಲ್ಲಿ ಹಚ್ಚಿದ್ದು ಮಧ್ಯಾಹ್ನದ ತನಕ ಕೆಂಡವಾಗಿ ಉಳಿದು, ಒಂದೂವರೆಗೆ ನೆತ್ತಿಯ ಮೇಲೆ ಹಾದುಹೋಗುವ ಉಪಗ್ರಹದ ಕಣ್ಣಿಗೆ ಬಿತ್ತು, ಕೆಂಪು ಚುಕ್ಕೆ, ಹೊಲಕ್ಕೆ ಬೆಂಕಿ ಹಚ್ಚಬಾರದೆಂಬ ನಿಯಮ ಮೀರಿ ಸುಟ್ಟವರ ಪಟ್ಟಿಯಲ್ಲಿ ನಮ್ಮವ್ವನ ಹೆಸರನ್ನು ನಾನೇ ಟೈಪ್ ಮಾಡಬೇಕಾಯಿತು, ಪಕ್ಕದ ಮೇಜಿನ ಲಕ್ಷ್ಮಿಕಾಂತ ನಕ್ಕ, ಊರಿಗೆಲ್ಲ ಬುದ್ಧಿ ಹೇಳ್ತೀರಿ ಪಂಚಶೀಲಾ ಮೇಡಮ್, ನಿಮ್ಮನಿ ಬೆಂಕಿನೇ ಮೊದಲ ಬಂದದ ನೋಡ್ರಿ, ತಮಾಷೆಗೇ ಅಂದದ್ದು, ಆದರೂ ವರ್ಷವಿಡೀ ಮುಳ್ಳಿನಂತೆ ಚುಚ್ಚಿತು, ಅದಕ್ಕೇ, ಬರೀ ಅದಕ್ಕೇ ನಿನ್ನೆ ಫೋನಿನಲ್ಲಿ ಹೇಳಿದೆ, ಅವ್ವ, ಮೂರರ ಮ್ಯಾಲ ಹಚ್ಚು, ಅಷ್ಟೊತ್ತಿಗೆ ಅದು ದಾಟಿ ಹೋಗಿರ್ತದ, ಯಾರಿಗೂ ಕಾಣಂಗಿಲ್ಲ. ಗಾಳಿ ಇರ್ತದಲ್ಲ ಪಂಚಿ. ಏನೂ ಆಗಂಗಿಲ್ಲ ಬಿಡವ್ವ. ಹೂಂ, ಆಕಾಶದ ಸುದ್ದಿ ನಿನಗ ಗೊತ್ತು, ನನಗೇನ್ ಗೊತ್ತದ, ಅಂದಳು, ಹೆಮ್ಮೆಯಿಂದಲೇ ಅಂದಳು, ಆ ಹೆಮ್ಮೆಯೇ ಈಗ ನನ್ನನ್ನು ಸುಡುತ್ತಿದೆ. ಒಂದೂವರೆಯ ಚಿತ್ರದಲ್ಲಿ ಒಂದೂ ಚುಕ್ಕೆ ಇಲ್ಲ, ನಾನು ಹೇಳಿದಂತೆಯೇ, ಈ ಗೀರನ್ನು ತೋರಿಸುತ್ತಿರುವುದು ಇನ್ನೊಂದು ಉಪಗ್ರಹ, ಬಲು ಎತ್ತರದಲ್ಲಿ ನಿಂತು ಅರ್ಧ ಗಂಟೆಗೊಮ್ಮೆ ಕಣ್ಣು ಬಿಡುವ ಮಂದದೃಷ್ಟಿಯದು, ಹೊಲದ ಸಣ್ಣ ಬೆಂಕಿ ಅದಕ್ಕೆ ಕಾಣುವುದಿಲ್ಲ, ಇಂಥ ದೊಡ್ಡ ಹೊಗೆ ಮಾತ್ರ.

ಐದರ ಚಿತ್ರ, ಹತ್ತು ನಿಮಿಷ ತಡವಾಗಿ ಬಂತು, ಹೊಗೆ ಊರನ್ನು ದಾಟಿದೆ, ಅಂದರೆ ಹತ್ತು ನಿಮಿಷದ ಹಿಂದೆ ದಾಟಿತ್ತು, ಈಗ ಎಲ್ಲಿದೆಯೋ, ಅಪ್ಪ ಮದುವೆಗೆಂದು ಶಹಾಪುರಕ್ಕೆ ಹೋಗಿ ಕೂತಿದ್ದಾನೆ, ಬೆಂಕಿ ಆರಿಸುವವರಿಗೆ ಫೋನ್ ಮಾಡಿದೆ, ಗಾಡಿ ಸುರಪುರದ ಕಡಿ ಹೋಗ್ಯದ್ರಿ, ಬಂದ ಕೂಡ್ಲೆ ಕಳಸ್ತೀವಿ, ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ, ತೋಡುವವಳೂ ನಾನೇ, ಹಚ್ಚಿಸಿದವಳೂ ನಾನೇ. ಲಕ್ಷ್ಮಿಕಾಂತ ಬೈಕ್ ತರಲು ಮನೆಗೆ ಓಡಿದ್ದಾನೆ, ಪಾಪ, ಈಗ ನಗುತ್ತಿಲ್ಲ, ಎಷ್ಟು ಓಡಿಸಿದರೂ ಕೊಂಕಲ್‌ಗೆ ಒಂದೂವರೆ ತಾಸು, ಅಷ್ಟರಲ್ಲಿ ಕತ್ತಲು, ಕತ್ತಲಾದರೆ ಈ ಕಣ್ಣಿಗೂ ಹೊಗೆ ಕಾಣುವುದಿಲ್ಲ — ಫೋನು, ಅವ್ವ, ಅಲ್ಲ, ಪಕ್ಕದ ಹೊಲದ ರಾಜಾಸಾಬ ಕಾಕಾ, ಕೆಮ್ಮುತ್ತಾನೆ, ಗುಡ್ಡಕ್ಕ ಹತ್ತ್ಯದವಾ ಬೆಂಕಿ, ಹೊಗ್ಯಾಗ ಏನೂ ಕಾಣವಲ್ದು. ಅವ್ವ ಎಲ್ಲಿ ಕಾಕಾ? ಹುಡಕಾಕತ್ತೀವಿ. ಎಲ್ಲಿ? ಕೊಡ ಬದುವಿನ ಮ್ಯಾಲ ಅದವಾ, ತುಂಬಿದ್ದು ತುಂಬಿದಂಗೇ ಅದ, ಆಕೀನೇ ಇಲ್ಲ. ಫೋನು ಕಡಿದುಹೋಯಿತು. ಐದೂವರೆಯ ಚಿತ್ರ, ದೊಡ್ಡದು ಮಾಡುತ್ತೇನೆ, ಇನ್ನೂ ದೊಡ್ಡದು, ಹೊರಗೆ ಬೈಕಿನ ಹಾರ್ನ್, ಬರ್ರಿ ಮೇಡಮ್, ಲಗೂ ಬರ್ರಿ, ಒಂದು ಚೌಕವೆಂದರೆ ಒಂದು ಕಿಲೋಮೀಟರ್, ಬೂದು ಚೌಕ, ಅದರೊಳಗೇ ಹೊಲ, ಗುಡ್ಡ, ಅವ್ವ, ಇನ್ನೂ ದೊಡ್ಡದು ಮಾಡುತ್ತೇನೆ, ಪರದೆ ತುಂಬ ಅದೊಂದೇ ಬೂದು, ಕೊಡ ಕಾಣುವುದಿಲ್ಲ, ಕಣ್ಣು ಮುಚ್ಚಿದರೆ ಕಾಣುತ್ತದೆ, ಬದುವಿನ ಮೇಲೆ, ನೀರು ತುಂಬಿದ ಕೊಡ, ಅಲುಗಾಡದೆ, ಬದುವಿನ ಮೇಲೆ ಕೊಡ.