ಅರ್ಧ ಲೋಟ ಚಾ

ಗೋಣೆಪ್ಪ ಸಾರಾಯಿ ಬಾಟ್ಲಿಯ ಬಿರಡೆಯನ್ನು ಹಲ್ಲಲ್ಲಿ ಕಚ್ಚಿ ಎಳೆದಿದ್ದೇ ತಡ, ಉಚ್ಚಂಗೆಮ್ಮ ಗಂಡನ ಹೆಣದ ತಲೆದೆಸೆಯಿಂದ ಎದ್ದುಬಂದು ಅವನ ಕೈ ಹಿಡಿದುಕೊಂಡಳು.

"ಬೇಡ ಬಾವ. ಅವರ ಬಾಯಿಗೆ ಅದು ಬೀಳಬಾರ್ದು."

ಅಂಗಳದಲ್ಲಿ ಅಳುತ್ತಿದ್ದವರೆಲ್ಲ ತಿರುಗಿ ನೋಡಿದರು. ಗಂಡನ ಅಣ್ಣ, ಮನೆಗೆ ಹಿರಿಯ. ಅವನೆದುರು ಈ ಹೆಂಗಸು ದನಿಯೆತ್ತಿದ್ದನ್ನೇ ಸಾಸ್ವೆಹಳ್ಳಿ ಕಂಡಿರಲಿಲ್ಲ, ಇನ್ನು ಕೈ ಹಿಡಿಯುವುದೆಂದರೇನು!

"ನಮ್ಮ ಅಪ್ಪಗೂ ಬಾಯಿಗೆ ಬಿಟ್ಟೇ ಕಳಿಸಿದ್ವಿ ತಾಯಿ," ಗೋಣೆಪ್ಪ ಕಣ್ಣೊರೆಸಿಕೊಂಡ. "ಡಾಕ್ಟ್ರು ಹೆದರಿಸಿದ್ರು ಅಂತ ಏಳು ವರ್ಷ ಬಾಯಿ ಕಟ್ಟಿದ ನನ್ನ ತಮ್ಮ. ಮೊದಲ್ನೇ ಸಲ ಕುಡಿಸಿದ್ದು ನಾನೇ. ಕೊನೇದೂ ನಾನೇ ಬಿಡ್ತೀನಿ. ಇನ್ಯಾವ ಡಾಕ್ಟ್ರು ಬೈತಾನೆ?"

ಅವನ ಕಣ್ಣೀರು ಸುಳ್ಳಲ್ಲ. ಉಚ್ಚಂಗೆಮ್ಮನಿಗೆ ಕಷ್ಟವಾಗಿದ್ದೇ ಅದು.

ನೆರೆಮನೆಯ ಶಂಕ್ರಮ್ಮ ಸೆರಗಲ್ಲಿ ಮೂಗೊರೆಸಿಕೊಂಡು, "ಆಸೆ ಉಳ್ಕಂಡ್ರೆ ಬಾಗ್ಲಿಗೆ ಬಂದು ನಿಲ್ತಾನೆ ಕಣಮ್ಮ," ಎಂದಳು.

"ಬರ್ಲಿ ಬಿಡಕ್ಕ. ಚಾ ಮಾಡಿ ಕೊಡ್ತೀನಿ."

ಯಾವ ಡಾಕ್ಟರೂ ಹೆದರಿಸಿರಲಿಲ್ಲ. ಆದರೆ ಅದನ್ನು ಹೇಳುವ ಹಾಗಿಲ್ಲ. ಹೊನ್ನಾಳಿಯ ಕೂಟಕ್ಕೆ ಯಾರು ಬರುತ್ತಾರೆ ಎಂಬುದು ಹೊರಗೆ ಬೀಳಬಾರದೆಂದು ಅಲ್ಲಿಯ ಕಟ್ಟಳೆ. ಭಾನುವಾರ ಭಾನುವಾರ ಗಂಡ ಜುಂಜಪ್ಪ ಹೊನ್ನಾಳಿ ಬಸ್ಸು ಹತ್ತಿದರೆ, ಸೂಜಿ ಹಾಕಿಸಿಕೊಳ್ಳಲು ಹೋದ ಎಂದುಕೊಂಡಿತ್ತು ಊರು. ಗಂಡ ಹೆಂಡತಿ ಹೂಂ ಅಂದಿದ್ದರು.

*

ಎಪ್ಪತ್ತೊಂಬತ್ತನೇ ಇಸವಿ. ಎತ್ತಿಗೆ ಲಾಳ ಹೊಡೆಯುವ ಜುಂಜಪ್ಪನ ಕೈ ನಡುಗಿ, ಮೊಳೆ ಗೊರಸಿನ ಜೀವಕ್ಕೇ ಇಳಿದು ಎತ್ತು ಕುಂಟಿತು. ಅವನು ಅದರ ಕೊರಳು ತಬ್ಬಿ ಅತ್ತ. ಅತ್ತು ಮುಗಿಸಿ ಹೋಗಿ ಮತ್ತೆ ಕುಡಿದ. ಉಚ್ಚಂಗೆಮ್ಮ ನ್ಯಾಮತಿಯ ಆಸ್ಪತ್ರೆಗೆ ಹೋಗಿ ಕಾಂಪೌಂಡರ ಮುಂದೆ ಸೆರಗೊಡ್ಡಿದಳು.

"ಇದಕ್ಕೆ ನನ್ನತ್ರ ಔಷಧಿ ಇಲ್ಲಮ್ಮ. ಹೊನ್ನಾಳೀಲಿ ಭಾನುವಾರ ಮಧ್ಯಾಹ್ನ ಹಳೇ ಸ್ಕೂಲಿನ ರೂಮಲ್ಲಿ ಕುಡುಕ್ರು ಕೂಡ್ತಾರೆ. ಕುಡಿಯಾಕಲ್ಲ, ಬಿಡಾಕೆ."

"ಕುಡುಕ್ರ ಸಂಘಾನಾ? ಹಂಗಾರೆ ನನ್ನೇ ಅಧ್ಯಕ್ಷ ಮಾಡ್ತಾರೆ ಬಿಡು," ಎಂದು ಜುಂಜಪ್ಪ ನಕ್ಕಿದ್ದ. ಆ ಭಾನುವಾರ ಸ್ಕೂಲಿನ ಬಾಗಿಲಿಗೆ ಬಂದಾಗ ನಗು ಹಾರಿಹೋಗಿತ್ತು.

"ನೀನೇ ಹೋಗಿ ಬಾರೆ."

"ಕುಡಿಯೋದು ನೀವು, ಹೋಗೋದು ನಾನಾ? ನಡೀರಿ ಒಳಗೆ!"

ಅವಳು ಜಗಲಿಯ ಮೇಲೆ ಕೂತು ಕಿಟಕಿಯಲ್ಲಿ ನೋಡಿದಳು. ಬಿಳಿ ಪಂಚೆಯ ಹಿರಿಯರೊಬ್ಬರು ಎದ್ದು ನಿಂತು, "ನಾನು ಮುರುಗೇಶಪ್ಪ. ಕುಡುಕ. ಇವತ್ತು ಕುಡಿದಿಲ್ಲ," ಎಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಜುಂಜಪ್ಪನ ಸರದಿ ಬಂದಾಗ ಹೆಸರು ಹೇಳಿ ನೆಲ ನೋಡುತ್ತ ನಿಂತ. ಅಷ್ಟೇ ಸಾಕು ಎಂದು ಕೂರಿಸಿದರು.

ಚಾ ಬಂತು. ಎಲ್ಲರಿಗೂ ತುಂಬಿದ ಲೋಟ, ಇವನಿಗೆ ಅರ್ಧ. ಜುಂಜಪ್ಪನಿಗೆ ಸರ್ರನೆ ಸಿಟ್ಟು ಬಂತು.

"ನನಗ್ಯಾಕ್ರಿ ಅರ್ಧ? ಮುಖ ನೋಡಿ ಅಳತೆ ಹಾಕಿದ್ರಾ?"

"ಕೈ ನೋಡಿ ಹಾಕಿದ್ದು," ಎಂದರು ಮುರುಗೇಶಪ್ಪ ಮೆಲ್ಲಗೆ. "ತುಂಬ ಕೊಟ್ರೆ ಚೆಲ್ಲಿ ಸುಡ್ತೈತೆ. ಹೊಸದಾಗಿ ಬಂದಾಗ ನಮಗೂ ಅರ್ಧಾನೇ. ಕುಡೀರಿ, ಇನ್ನರ್ಧ ಆಮೇಲೆ."

ವಾಪಸು ಬರುವಾಗ ಬಸ್ಸಲ್ಲಿ ಜುಂಜಪ್ಪ ಕಿಟಕಿಗೆ ಮುಖ ಮಾಡಿ, "ಯಾರೂ ನನ್ನ ಕೈ ನೋಡಿ ನಗಲಿಲ್ಲ ಕಣೇ," ಅಂದಿದ್ದ.

ಒಂದೇ ಸಲಕ್ಕೆ ಬಿಟ್ಟನೆಂದಲ್ಲ. ಆ ವರ್ಷದಲ್ಲಿ ಎರಡು ಸಲ ಜಾರಿಬಿದ್ದ. ಎರಡು ಸಲವೂ ಅರ್ಧ ಲೋಟದಿಂದಲೇ ಶುರು. ಆಮೇಲೆ ನಿಂತ. ನಿಂತವನು ಅಲ್ಲಿಯ ಚಾದ ಉಸ್ತುವಾರಿಯನ್ನೇ ವಹಿಸಿಕೊಂಡ. ಹೊಸಬರು ಬಾಗಿಲಲ್ಲಿ ಕಂಡರೆ ಮೊದಲು ಅವರ ಕೈ ನೋಡುತ್ತಿದ್ದ.

*

"ಏಳು ವರ್ಷ ದಿನಾ ಬೇಡ ಬೇಡ ಅಂದಾರೆ ಬಾವ," ಉಚ್ಚಂಗೆಮ್ಮ ಗೋಣೆಪ್ಪನ ಕೈ ಬಿಡಲಿಲ್ಲ. "ಈಗ ಬೇಡ ಅನ್ನಾಕೆ ಬಾಯಿಲ್ಲ ಅಂತ ಸುರೀತೀರಾ?"

ಗೋಣೆಪ್ಪ ತಮ್ಮನ ಮುಖ ನೋಡಿದ. ಅಷ್ಟರಲ್ಲಿ ಬೇಲಿಯಾಚೆ ಬಸ್ಸು ನಿಂತು ಐದು ಜನ ಇಳಿದರು. ಮುಂದಿದ್ದ ಮುರುಗೇಶಪ್ಪನವರ ಕೈಯಲ್ಲಿ ಟವೆಲ್ ಸುತ್ತಿದ ಅಲ್ಯೂಮಿನಿಯಂ ಕೆಟಲ್ಲಿತ್ತು. ಜುಂಜಪ್ಪ ವಾರವಾರವೂ ಬೂದಿ ಹಾಕಿ ತಿಕ್ಕುತ್ತಿದ್ದ ಕೆಟಲ್ಲು.

"ಸಾವಿನ ಮನೇಲಿ ಒಲೆ ಹಚ್ಚಲ್ವಲ್ಲ, ಹೋಟ್ಲಲ್ಲಿ ತುಂಬಿಸ್ಕಂಡು ಬಂದ್ವಿ ತಂಗಿ," ಎಂದವರೇ ಅವರು ಹೆಣದ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟರು.

"ಯಾರಿವರು?" ಎಂದ ಗೋಣೆಪ್ಪ.

"ನಿಮ್ಮ ತಮ್ಮನ ಕೂಡ ಚಾ ಕುಡಿಯೋರು."

ಉಚ್ಚಂಗೆಮ್ಮ ಚಮಚದಲ್ಲಿ ಚಾ ತೆಗೆದು ಗಂಡನ ತುಟಿಗೆ ಬಿಟ್ಟಳು. ಗೋಣೆಪ್ಪ ಬಾಟ್ಲಿಗೆ ಬಿರಡೆ ತುರುಕಿ, ಚಮಚಕ್ಕೆ ಕೈ ಚಾಚಿದ.

ಮಣ್ಣು ಮಾಡಿ ಬಂದು ಸ್ನಾನವಾದ ಮೇಲೆ ಹೊನ್ನಾಳಿಯವರು ಕೆಟಲ್ಲನ್ನು ಅಲ್ಲೇ ಬಿಟ್ಟು ಸಂಜೆ ಬಸ್ಸಿಗೆ ಹೊರಟರು. ಗೋಣೆಪ್ಪ ಜಗಲಿಯಲ್ಲಿ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಬಾಟ್ಲಿ ಹಾಗೇ ಇತ್ತು. ಬೆಳಗಿಂದ ಒಂದು ಗುಟುಕೂ ಇಳಿದಿರಲಿಲ್ಲ, ಬೆರಳುಗಳು ಗಡಗಡ ನಡುಗುತ್ತಿದ್ದವು.

"ಅವರು ಡಾಕ್ಟ್ರ ಕಡೆಯೋರಲ್ಲ, ಅಲ್ವಾ ತಾಯಿ?"

ಉಚ್ಚಂಗೆಮ್ಮ ಕೆಟಲ್ಲಲ್ಲಿ ಉಳಿದಿದ್ದ ಚಾವನ್ನು ಶಂಕ್ರಮ್ಮನ ಒಲೆಯಲ್ಲಿ ಬಿಸಿ ಮಾಡಿಸಿ ತಂದು, ಲೋಟಕ್ಕೆ ಬಗ್ಗಿಸಿ ಅವನ ಮುಂದೆ ಹಿಡಿದಳು.

"ಇದ್ಯಾಕೆ, ಅರ್ಧ?"

"ಕುಡೀರಿ ಬಾವ. ಇನ್ನರ್ಧ ಆಮೇಲೆ."

ಗೋಣೆಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದ. ಚಾ ತುಳುಕಿ ಒಂದು ಮಗ್ಗುಲಿಗೆ ಏರಿತು, ಇನ್ನೊಂದು ಮಗ್ಗುಲಿಗೆ ಏರಿತು, ಅಂಚು ಮುಟ್ಟದೆ ಮತ್ತೆ ಕೆಳಗಿಳಿಯಿತು.